ಬೀಗಿತ್ತಿ ಮನೆಯ ಪೂರಿಮ್

ನಮ್ಮ ಅಡುಗೆಮನೆಯ ಎಲ್ಲಕ್ಕಿಂತ ಕೆಳಗಿನ ಡ್ರಾಯರ್ ಒಂದು ಪಾತಾಳಲೋಕ. ಅದರೊಳಗೆ ಇಳಿದ ವಸ್ತು ತಾನಾಗಿ ಮೇಲೆ ಬಂದದ್ದನ್ನು ನಾನು ಕಂಡಿಲ್ಲ. ಮೊನ್ನೆ ಹಳೆಯ ಶಾವಿಗೆ ಒತ್ತಿನ ಬಿಲ್ಲೆ ಹುಡುಕುತ್ತ ಮೊಣಕೈವರೆಗೆ ಕೈ ಇಳಿಸಿದ್ದೆ. ಯಾವುದೋ ಮರದ ಹಿಡಿ ಸಿಕ್ಕಿತು. ಎಳೆದೆ. ಅದು 'ಕರ್ರ್ ಕರ್ರ್' ಎಂದು ಇಡೀ ಮನೆಗೆ ಕೇಳುವಂತೆ ಅರಚಿಕೊಂಡಿತು.

"ಏನೇ ಅದು, ಡಿಶ್‌ವಾಶರ್ ಕೆಟ್ಟೋಯ್ತಾ?" ಎಂದು ನಮ್ಮ ಮನೆಯವರು ಹಾಲಿನಿಂದಲೇ ಕೂಗಿದರು. ಡಿಯರ್‌ಬಾರ್ನಿನ ಕಾರ್ಖಾನೆಯಲ್ಲಿ ಕಾರಿನ ಎಂಜಿನ್ನುಗಳ ಜೊತೆ ಜೀವಮಾನ ಕಳೆದ ಮನುಷ್ಯ. ಯಾವ ಶಬ್ದ ಕೇಳಿದರೂ ಅವರಿಗೆ ಏನೋ ಕೆಟ್ಟಿದೆ ಎಂದೇ ಅನಿಸುತ್ತದೆ.

"ಕೆಟ್ಟಿಲ್ಲ ರೀ, ಮೊಮ್ಮಗಳ ಗಿಲಕಿ," ಎಂದೆ. ಸ್ವಲ್ಪ ಹೊತ್ತಿನ ಮೇಲೆ ಟಿವಿಯ ಸದ್ದು ಜೋರಾಯಿತು.

ಗಿಲಕಿ ಎಂದರೆ ಜಾತ್ರೆಯಲ್ಲಿ ಸಿಗುವ, ಹಸುಗೂಸುಗಳನ್ನು ನಗಿಸುವ ಗಿಲಕಿಯಲ್ಲ. ಇದಕ್ಕೆ ಒಂದು ಹಿಡಿ, ಹಿಡಿಯ ತುದಿಗೆ ಹಲ್ಲಿನ ಚಕ್ರ, ಅದರ ಸುತ್ತ ತಿರುಗುವ ಒಂದು ಪಟ್ಟಿ. ಕೈಯೆತ್ತಿ ತಿರುಗಿಸಿದರೆ ಅಕ್ಕಪಕ್ಕದವರು ಕಿವಿ ಮುಚ್ಚಿಕೊಳ್ಳಬೇಕು. ಯಹೂದಿಗಳ ಪೂರಿಮ್ ಹಬ್ಬದಲ್ಲಿ ಇದಕ್ಕೆ ಕೆಲಸ. ಮೈಸೂರಿನ ಒಂಟಿಕೊಪ್ಪಲಿನಲ್ಲಿ ಹುಟ್ಟಿ, ಮಿಶಿಗನ್ನಿನ ನಾರ್ತ್‌ವಿಲ್‌ನಲ್ಲಿ ಸಾರಿನಪುಡಿ ಕುಟ್ಟಿಕೊಂಡಿರುವ ನನ್ನ ಡ್ರಾಯರಿಗೆ ಇದು ಹೇಗೆ ಬಂತು ಎಂದು ಕೇಳುತ್ತೀರಿ. ಸರಿ, ಕೇಳಿ. ಶಾವಿಗೆಯ ಬಿಲ್ಲೆ ಹೇಗೂ ಸಿಗಲಿಲ್ಲ.

ನಮ್ಮ ಮಗಳು ವೀಣಾ ಶಿಕಾಗೋದಲ್ಲಿ ಓದುತ್ತಿದ್ದಾಗ ಡ್ಯಾನಿಯಲ್ ಎಂಬ ಯಹೂದಿ ಹುಡುಗನನ್ನು ಮೆಚ್ಚಿಕೊಂಡಳು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಎರಡು ದಿನ ಅತ್ತು, ಮೂರನೆಯ ದಿನ ಹುಡುಗನ ಫೋಟೋ ನೋಡಿ, ಕಿವಿ ಸ್ವಲ್ಪ ದೊಡ್ಡದಾಯಿತು ಎಂದು ಹೇಳಿ ಒಪ್ಪಿಕೊಂಡೆ. ಮದುವೆಗಿಂತ ನನಗೆ ಹೆದರಿಕೆಯಿದ್ದದ್ದು ಬೀಗಿತ್ತಿಯದು. ನಮ್ಮ ಕಡೆ ಹೆಣ್ಣಿನ ತಾಯಿಗೆ ಗಂಡಿನ ತಾಯಿ ಎಂದರೆ ಅರ್ಧ ದೇವರು, ಅರ್ಧ ಪರೀಕ್ಷೆಯ ಮೇಲ್ವಿಚಾರಕಿ. ಮದುವೆಮನೆಯಲ್ಲಿ ಕಾಫಿಗೆ ಒಂದು ಚಮಚ ಸಕ್ಕರೆ ಹೆಚ್ಚಾದರೂ ಹತ್ತು ವರ್ಷ ಆಡಿಕೊಳ್ಳುವ ಹಕ್ಕು ಆಕೆಗಿದೆ. ನನ್ನ ಅಮ್ಮ ನನ್ನ ಅತ್ತೆಯ ಎದುರು ಮದುವೆಯಾಗಿ ಇಪ್ಪತ್ತು ವರ್ಷವಾದ ಮೇಲೂ ಕುರ್ಚಿಯ ತುದಿಯಲ್ಲೇ ಕೂರುತ್ತಿದ್ದಳು.

ಹೀಗಾಗಿ ನಾನೂ ಸಿದ್ಧಳಾಗಿಯೇ ಹೋದೆ. ಡ್ಯಾನಿಯಲ್ಲನ ತಾಯಿ ಮಿರಿಯಮ್, ಗಂಡ ತೀರಿಕೊಂಡು ಆಗಲೇ ಕೆಲವು ವರ್ಷವಾಗಿದ್ದ ಶಾಲೆಯ ಮೇಡಂ, ಶಿಕಾಗೋದ ಪಕ್ಕದ ಸ್ಕೋಕಿಯಲ್ಲಿ ಮನೆ. ಮದುವೆಯ ಎರಡು ದಿನವೂ ಆಕೆ ನಿಂತಲ್ಲಿ ನಿಂತೆ, ಕೂತ ಮೇಲೆ ಕೂತೆ, ಆಕೆ ಕೈ ತೊಳೆದರೆ ಟವೆಲ್ ಹಿಡಿದು ಓಡಿದೆ. ಕೊನೆಗೆ ಮಿರಿಯಮ್ ನನ್ನ ಮಗಳನ್ನು ಪಕ್ಕಕ್ಕೆ ಕರೆದು ಕೇಳಿದರಂತೆ: "ನಿಮ್ಮ ಅಮ್ಮನ ಕಣ್ಣಿಗೆ ನಾನು ಕಾಯಿಲೆಯವಳ ಹಾಗೆ ಕಾಣ್ತೀನಾ? ಆಕೆ ನರ್ಸಾ?" ಆಕೆ ಆಡಿದ್ದೆಲ್ಲ ಇಂಗ್ಲಿಷ್. ಇಲ್ಲಿ ನೀವು ನನ್ನ ಕನ್ನಡದಲ್ಲೇ ಕೇಳಿಸಿಕೊಳ್ಳಬೇಕು. ವೀಣಾ ನಗುತ್ತ ವಿಷಯ ತಿಳಿಸಿದ ಮೇಲೆ ಮಿರಿಯಮ್ ಸೀದಾ ನನ್ನ ಹತ್ತಿರ ಬಂದರು. "ಜಲಜಾ, ನನಗೆ ಇಷ್ಟೊಂದು ಅಧಿಕಾರ ಇದೆ ಅಂತ ಯಾರೂ ಹೇಳಿರ್ಲಿಲ್ಲ. ಹಾಗಾದ್ರೆ ಇದು ನನ್ನ ಆರ್ಡರ್. ಕೂತ್ಕೊಳ್ಳಿ," ಎಂದರು. ಕೂತೆ. ಆವತ್ತಿನಿಂದ ನಾವಿಬ್ಬರೂ ಒಳ್ಳೆಯ ಸ್ನೇಹಿತರಾದೆವು. ಬೀಗರು ಎಂಬ ಪದವನ್ನು ನಾನು ಕಲಿಸಿದೆ. ಆಕೆ ಸಿಕ್ಕವರಿಗೆಲ್ಲ "ಇವಳು ನನ್ನ ಬೀಗಿತ್ತಿ" ಎಂದು ಪರಿಚಯ ಮಾಡಿಕೊಡುತ್ತಿದ್ದರು. ಕೇಳಿದವರು ಅದನ್ನು ಏನೋ ದೊಡ್ಡ ಪದವಿ ಎಂದುಕೊಂಡು ನನ್ನ ಕೈ ಕುಲುಕುತ್ತಿದ್ದರು.

ಮೊಮ್ಮಗಳು ಮಾಯಾಗೆ ಮೂರು ವರ್ಷವಾದಾಗ ಮಿರಿಯಮ್ ಫೋನ್ ಮಾಡಿ ಪೂರಿಮ್‌ಗೆ ನೀವಿಬ್ಬರೂ ಬರಲೇಬೇಕು ಎಂದರು. ಮಾಯಾ ಎಂಬ ಹೆಸರು ಎರಡೂ ಕಡೆಯವರ ನಾಲಿಗೆಗೆ ಒಗ್ಗುತ್ತದೆ ಎಂದು ಇಟ್ಟದ್ದು. ಅದು ಬಿಟ್ಟರೆ ಆ ಮಗುವಿನ ವಿಷಯದಲ್ಲಿ ಎಲ್ಲವನ್ನೂ ಎರಡೆರಡು ಸಲ ಮಾಡುತ್ತಿದ್ದೆವು. ನಾರ್ತ್‌ವಿಲ್‌ನಿಂದ ಸ್ಕೋಕಿಗೆ ಐದು ಗಂಟೆಯ ಡ್ರೈವ್. ಐ-94 ಹೆದ್ದಾರಿ ಹಿಡಿದು ಕಲಮಜೂ ದಾಟಿ, ಇಂಡಿಯಾನಾದ ಗಡಿಗೆ ಬರುವಾಗ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಆ ಒಂದು ಗಂಟೆ ತಮ್ಮ ಡ್ರೈವಿಂಗಿನಿಂದಲೇ ಉಳಿದದ್ದು ಎನ್ನುವಂತೆ ನಮ್ಮವರು ಪ್ರತಿಸಲ ಮೀಸೆ ತಿರುವುತ್ತಿದ್ದರು.

ಆ ಸಂಜೆ ಅವರ ಸಿನಗಾಗಿಗೆ ಹೋದೆವು. ನಾನು ಒಳ್ಳೆಯ ಮೈಸೂರು ಸಿಲ್ಕ್ ಉಟ್ಟು, ಪ್ರಾರ್ಥನೆಯ ಜಾಗ ಎಂದು ಮುಖವನ್ನು ಗಂಭೀರ ಮಾಡಿಕೊಂಡು ಹೋಗಿದ್ದೆ. ಬಾಗಿಲಲ್ಲಿ ನಮ್ಮನ್ನು ಸ್ವಾಗತಿಸಿದ ಎಪ್ಪತ್ತರ ಮುದುಕರು ಕೋಳಿಯ ವೇಷದಲ್ಲಿದ್ದರು. ಅವರು ಹೃದಯದ ಡಾಕ್ಟರ್ ಎಂದು ಆಮೇಲೆ ತಿಳಿಯಿತು. ಒಳಗೆ ಕಡಲ್ಗಳ್ಳರು, ಬಾಳೆಹಣ್ಣು, ಮೂರು ಜನ ರಾಣಿಯರು. ಮಿರಿಯಮ್ ಪೋಸ್ಟ್‌ಮ್ಯಾನ್ ಆಗಿದ್ದರು. ನನ್ನ ಸಿಲ್ಕ್ ಸೀರೆ ನೋಡಿ ಒಬ್ಬಾಕೆ "ಎಂಥ ಚೆಂದದ ವೇಷ!" ಎಂದಳು. ಮುಖ ಹುಳ್ಳಗೆ ಮಾಡಿಕೊಂಡು ಥ್ಯಾಂಕ್ಸ್ ಎಂದೆ.

ಪೂರಿಮ್‌ನ ಕತೆ ಚಿಕ್ಕದು. ಹಿಂದೆ ಪರ್ಷಿಯಾದ ರಾಜನ ಬಳಿ ಹಾಮಾನ್ ಎಂಬ ಮಂತ್ರಿಯಿದ್ದ. ದೇಶದ ಯಹೂದಿಗಳನ್ನೆಲ್ಲ ಒಂದೇ ದಿನ ಮುಗಿಸಬೇಕೆಂದು ಸಂಚು ಹೂಡಿದ. ರಾಣಿ ಎಸ್ತೇರ್ ಯಹೂದಿ ಎನ್ನುವುದು ರಾಜನಿಗೂ ಗೊತ್ತಿರಲಿಲ್ಲ. ಆಕೆ ಧೈರ್ಯ ಮಾಡಿ ರಾಜನ ಎದುರು ನಿಂತು ನಿಜ ಹೇಳಿ ತನ್ನವರನ್ನು ಉಳಿಸಿದಳು. ಈ ಕತೆಯನ್ನು ಸುರುಳಿಯಿಂದ ರಾಗವಾಗಿ ಓದುತ್ತಾರೆ. ಓದು ಶುರುವಾಗುವ ಮೊದಲು ಯಾರೋ ಮಾಯಾಳ ಕೈಗೆ ಒಂದು ಗಿಲಕಿ ಕೊಟ್ಟುಹೋದರು.

ಇಲ್ಲಿ ನನ್ನ ಬಾಲ್ಯ ಅಡ್ಡ ಬಂತು. ಒಂಟಿಕೊಪ್ಪಲಿನ ರಾಮಮಂದಿರದಲ್ಲಿ ಸಂಜೆ ಭಾರತ ಓದುವಾಗ ಅಜ್ಜಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದಳು. ನಾನು ಸ್ವಲ್ಪ ಮಿಸುಕಿದರೆ ತೊಡೆಗೆ ಒಂದು ಚಿವುಟು, ಪಿಸುಗುಟ್ಟಿದರೆ ಎರಡು. ಕೆಮ್ಮು ಬಂದರೆ ನುಂಗಿಕೊಳ್ಳಬೇಕು. ದುಶ್ಶಾಸನನ ಹೆಸರು ಬಂದಾಗ ಅಜ್ಜಿ ಮಾತ್ರ ಸೆರಗಿನ ಮರೆಯಲ್ಲಿ ನೆಟಿಗೆ ಮುರಿಯುತ್ತಿದ್ದಳು. ಅವನಿಗೆ ಅಷ್ಟು ಶಿಕ್ಷೆ ಸಾಕು, ಸಭೆಯ ಮರ್ಯಾದೆ ಕೆಡಬಾರದು. ಈ ತರಬೇತಿ ಪಡೆದ ನಾನು ಮಾಯಾ ಗಿಲಕಿಯನ್ನು ಒಮ್ಮೆ ಕರ್ರ್ ಎನ್ನಿಸಿದ್ದೇ ತಡ, ಅದನ್ನು ಕಿತ್ತುಕೊಂಡು ನನ್ನ ವ್ಯಾನಿಟಿ ಬ್ಯಾಗಿಗೆ ಹಾಕಿ ಜಿಪ್ ಎಳೆದೆ. "ಶ್! ದೇವರ ಕತೆ ಓದ್ತಿದಾರೆ, ಪುಟ್ಟಿ. ಗಲಾಟೆ ಮಾಡಬಾರ್ದು," ಎಂದು ಕಿವಿಯಲ್ಲಿ ಹೇಳಿದೆ. ಎಂಥ ಅಜ್ಜಿ ನಾನು ಎಂದು ನನಗೇ ಹೆಮ್ಮೆಯಾಯಿತು.

ಸ್ವಲ್ಪ ಹೊತ್ತಿಗೆ ಓದುವವರ ಬಾಯಲ್ಲಿ ಹಾಮಾನ್ ಎಂಬ ಹೆಸರು ಬಂತು. ಇಡೀ ಸಭೆ ಎದ್ದು ಕಾಲು ಕುಟ್ಟಿತು, ಕೂಗಿತು, ನೂರಾರು ಗಿಲಕಿಗಳು ಒಟ್ಟಿಗೆ ತಿರುಗಿದವು, ಕೋಳಿ ಡಾಕ್ಟರು ರೆಕ್ಕೆ ಬಡಿದರು. ನಮ್ಮವರು ಬೆಂಕಿ ಬಿದ್ದಿದೆ ಎಂದುಕೊಂಡು ಹೊರಗೆ ಹೋಗುವ ಬಾಗಿಲು ಹುಡುಕತೊಡಗಿದರು. ಆ ದುಷ್ಟನ ಹೆಸರು ಯಾರ ಕಿವಿಗೂ ಬೀಳದಂತೆ ಗದ್ದಲದಲ್ಲಿ ಮುಳುಗಿಸಬೇಕು ಎನ್ನುವುದೇ ಅಲ್ಲಿಯ ಪದ್ಧತಿ. ಇಡೀ ಸಿನಗಾಗಿನಲ್ಲಿ ಸುಮ್ಮನೆ ಕೂತಿದ್ದ ಮಗು ನಮ್ಮದೊಂದೇ. ಮಾಯಾ ನನ್ನ ಬ್ಯಾಗಿನ ಕಡೆ ಕೈ ಚಾಚಿ, "ಅಜ್ಜಿ ಟುಕ್ ಇಟ್! ಅಜ್ಜಿ ಟುಕ್ ಇಟ್!" ಎಂದು ಅಳತೊಡಗಿದಳು. ಜಿಪ್ ಸಿಕ್ಕಿಕೊಂಡಿತು. ಮಿರಿಯಮ್ ನಕ್ಕು ನಕ್ಕು ಪೋಸ್ಟ್‌ಮ್ಯಾನ್ ಟೋಪಿ ಬೀಳಿಸಿಕೊಂಡರು. "ಹಾಮಾನನನ್ನ ಕಾಪಾಡೋಕೆ ಮೈಸೂರಿಂದ ಒಬ್ಬರು ಬಂದಿದಾರೆ," ಎಂದು ಅಕ್ಕಪಕ್ಕದವರಿಗೆಲ್ಲ ಸಾರಿದರು. ಯಾರೋ ಮಗುವಿಗೆ ಬೇರೆ ಗಿಲಕಿ ಕೊಟ್ಟರು. ಮೊದಲನೆಯದು ನನ್ನ ಬ್ಯಾಗಿನಲ್ಲೇ ಮಿಶಿಗನ್ನಿಗೆ ಬಂತು.

ಮಾರನೆಯ ದಿನ ಹಗಲಿನಲ್ಲಿ ಹಬ್ಬದ ಇನ್ನರ್ಧ. ನಾನು ಮನೆಯಿಂದ ಡಬ್ಬಿ ತುಂಬ ಚಕ್ಕುಲಿ ತಂದಿದ್ದೆ. ಮಿರಿಯಮ್ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ತುಂಬ ಸಂಕೋಚದಿಂದ, "ಜಲಜಾ, ಬೇಜಾರು ಮಾಡ್ಕೋಬೇಡಿ. ಇದನ್ನ ನನ್ನ ಅಡುಗೆಮನೆ ಒಳಗೆ ತಗೊಂಡು ಹೋಗೋ ಹಾಗಿಲ್ಲ," ಎಂದು ಶುರು ಮಾಡಿದರು. ಮಾಂಸದ ಪಾತ್ರೆ ಬೇರೆ, ಹಾಲಿನ ಪಾತ್ರೆ ಬೇರೆ, ಹೊರಗೆ ಬೇಯಿಸಿದ್ದು ಒಳಗಿಲ್ಲ. ಅರ್ಧ ಕೇಳುವಷ್ಟರಲ್ಲೇ ನನಗೆ ಪೂರ್ತಿ ಅರ್ಥವಾಗಿತ್ತು. ಅಜ್ಜಿಯ ಮಡಿಯಿಂದ ತಪ್ಪಿಸಿಕೊಳ್ಳಲು ನಾನು ಏಳು ಸಮುದ್ರ ದಾಟಿ ಬಂದಿದ್ದೆ. ಅದು ನನಗಿಂತ ಮೊದಲೇ ಸ್ಕೋಕಿಗೆ ಬಂದು, ಏಪ್ರನ್ ಕಟ್ಟಿಕೊಂಡು ಕಾಯುತ್ತಿತ್ತು. "ಬೇಜಾರೇನು ಬಂತು? ನನಗಿದು ತವರುಮನೆ ಅಡುಗೆಮನೆ," ಎಂದೆ. ಡಿವಾನ್ ರಸ್ತೆಯ ಇಂಡಿಯನ್ ಅಂಗಡಿಗೆ ಹೋಗಿ ಒಂದು ಹೊಸ ಚಕ್ಕುಲಿ ಒತ್ತು ತಂದು, ಆಕೆಯ ಬಾಣಲೆಯಲ್ಲಿ, ಆಕೆ ತೋರಿಸಿದ ಎಣ್ಣೆಯಲ್ಲಿ, ಆಕೆಯ ಕಣ್ಣೆದುರೇ ಮತ್ತೆ ಚಕ್ಕುಲಿ ಕರಿದೆ. ಆ ಒತ್ತು ಅಲ್ಲಿಯೇ ಉಳಿಯಿತು. ಮುಂದಿನ ವರ್ಷಗಳಲ್ಲಿ ನಾನು ಒತ್ತುವುದು, ಆಕೆ ಕರಿಯುವುದು ಎಂದು ಕೆಲಸ ಹಂಚಿಕೊಂಡೆವು. ಆಕೆಯ ಮೂರು ಮೂಲೆಯ ಗಸಗಸೆ ಬಿಸ್ಕತ್ತು ಒಂದು ಕಡೆ, ನನ್ನ ಚಕ್ಕುಲಿ ಒಂದು ಕಡೆ ರಾಶಿ ಬೀಳುತ್ತಿದ್ದವು.

ಇಷ್ಟೆಲ್ಲ ಮಾಡುವುದು ಮನೆಯಲ್ಲಿ ತಿನ್ನುವುದಕ್ಕಲ್ಲ, ಹಂಚುವುದಕ್ಕೆ. ಆ ದಿನ ಸ್ನೇಹಿತರಿಗೆ, ನೆರೆಯವರಿಗೆ ತಿನ್ನುವ ಪದಾರ್ಥ ಕಳಿಸುವುದು ಹಬ್ಬದ ಕಟ್ಟಳೆ. ಒಂದೇ ಬಗೆ ಸಾಲದು, ಎರಡಾದರೂ ಇರಬೇಕು. ಬುಟ್ಟಿ ಕಟ್ಟಿ ಮಕ್ಕಳ ಕೈಯಲ್ಲಿ ಮನೆಮನೆಗೆ ಕಳಿಸುತ್ತಾರೆ. ಮಾಯಾಗೆ ರಾಣಿಯ ಕಿರೀಟ ತೊಡಿಸಿ, ಅದರ ಮೇಲೆ ಸ್ನೋ ಜಾಕೆಟ್ಟಿನ ಟೋಪಿ ಹಾಕಿ, ಬುಟ್ಟಿ ಹಿಡಿಸಿ ಇಬ್ಬರು ಅಜ್ಜಿಯರು ಆಚೆಗೊಬ್ಬರು ಈಚೆಗೊಬ್ಬರು ಹೊರಟೆವು. ಎರಡನೆಯ ಮನೆಯ ಬಾಗಿಲಲ್ಲಿ ನನಗೆ ತಟ್ಟನೆ ಹೊಳೆಯಿತು: ಇದು ನಮ್ಮ ಎಳ್ಳು ಬೀರುವುದು! ಸಂಕ್ರಾಂತಿಯ ದಿನ ರೇಷ್ಮೆ ಲಂಗದ ನೆರಿಗೆ ಎತ್ತಿಕೊಂಡು, ತಟ್ಟೆಯ ಮೇಲೆ ಕ್ರೋಶಾ ಹೊದಿಕೆ ಮುಚ್ಚಿಕೊಂಡು, ಒಂದು ಮನೆಯನ್ನೂ ಬಿಡದೆ ಅಲೆಯುತ್ತಿದ್ದೆವಲ್ಲ, ಅದೇ. ಯಾರ ಮನೆಯ ಸಕ್ಕರೆ ಅಚ್ಚು ಮುರಿದಿದೆ, ಯಾರು ಕೊಬ್ಬರಿ ಕಡಿಮೆ ಹಾಕಿದ್ದಾರೆ ಎಂದು ದಾರಿಯುದ್ದಕ್ಕೂ ಟೀಕೆ ಮಾಡುತ್ತಿದ್ದೆವಲ್ಲ, ಅದೂ ಅಲ್ಲಿತ್ತು. "ಆ ಮನೆಯವಳು ಅಂಗಡಿ ಬಿಸ್ಕತ್ತು ಹಾಕ್ತಾಳೆ, ನೋಡ್ತಾ ಇರಿ," ಎಂದು ಮಿರಿಯಮ್ ಪಿಸುಗುಟ್ಟುತ್ತಿದ್ದರು. ಹಾಗೆಯೇ ಇರುತ್ತಿತ್ತು.

ಈ ದೇಶಕ್ಕೆ ಬಂದ ಮೇಲೆ ನಾನು ಎಳ್ಳು ಬೀರಿರಲಿಲ್ಲ. ನಾರ್ತ್‌ವಿಲ್‌ನ ನಮ್ಮ ಬಡಾವಣೆಯಲ್ಲಿ ಜನವರಿಯಲ್ಲಿ ಯಾರ ಮನೆಯ ಬಾಗಿಲು ತಟ್ಟಿದರೂ ಅವರು ಮೊದಲು ಕಿಟಕಿಯ ಪರದೆ ಸರಿಸಿ ನೋಡುತ್ತಾರೆ. ಕನ್ನಡದವರಿಗೆ ಕೊಡೋಣವೆಂದರೆ ಒಬ್ಬರು ವೆಸ್ಟ್ ಬ್ಲೂಮ್‌ಫೀಲ್ಡಿನಲ್ಲಿ, ಇನ್ನೊಬ್ಬರು ಹೆದ್ದಾರಿಯಲ್ಲಿ ಮೂರು ಎಕ್ಸಿಟ್ ಆಚೆ. ಎಳ್ಳು ಜಿಪ್‌ಲಾಕ್ ಚೀಲದಲ್ಲಿ ಕನ್ನಡ ಕೂಟದ ಸಮಾರಂಭಕ್ಕೆ ಹೋಗಿ, ಕಾರ್ ಪಾರ್ಕಿಂಗಿನಲ್ಲಿ ಕೈ ಬದಲಾಯಿಸುತ್ತಿತ್ತು. ಕಾಲು ನಡಿಗೆಯಲ್ಲಿ, ಮಗುವಿನ ಕೈ ಹಿಡಿದು, ಬೀದಿಯ ಎರಡೂ ಬದಿಯ ಮನೆಗಳಿಗೆ ತಿಂಡಿ ಕೊಟ್ಟು ಬರುವ ಸುಖ ನನಗೆ ಮತ್ತೆ ಸಿಕ್ಕಿದ್ದು ಯಹೂದಿಗಳ ಬೀದಿಯಲ್ಲಿ, ಬೀಗಿತ್ತಿಯ ಹಬ್ಬದಲ್ಲಿ. ಅದನ್ನು ಮಿರಿಯಮ್‌ಗೆ ಹೇಳಿದೆ. ಆಕೆ ನಿಂತು, "ಹಾಗಾದ್ರೆ ಇದು ನಿಮ್ಮ ಹಬ್ಬಾನೂ ಹೌದು. ಪ್ರತಿವರ್ಷ ನೀವು ಇಲ್ಲಿರಬೇಕು," ಎಂದರು. ಇರುತ್ತೇನೆ ಎಂದೆ. ಆಮೇಲಿನ ವರ್ಷಗಳಲ್ಲಿ ಹಾಗೆಯೇ ಇದ್ದೆ. ನಮ್ಮವರೂ ಒಂದು ವರ್ಷ ಪಂಚೆ ಉಟ್ಟು, ಪೇಟ ಸುತ್ತಿ ಪರ್ಷಿಯಾದ ರಾಜನಾಗಿ, ವೈನ್ ಕುಡಿದು ಕೋಳಿ ಡಾಕ್ಟರ ಭುಜದ ಮೇಲೆ ಕೈ ಹಾಕಿಕೊಂಡು ಕುಣಿದರು. ಆ ಫೋಟೋ ನಮ್ಮ ಮನೆಯಲ್ಲಿ ಈಗ ಗೋಡೆಯ ಮೇಲಿಲ್ಲ.

ಅದು ಯಾಕಿಲ್ಲ ಎಂದರೆ, ಮಾಯಾಗೆ ಏಳು ತುಂಬುವ ಹೊತ್ತಿಗೆ ವೀಣಾ ಮತ್ತು ಡ್ಯಾನಿಯಲ್ ಬೇರೆಯಾದರು. ದೊಡ್ಡ ಜಗಳವೇನೂ ನಡೆಯಲಿಲ್ಲ. ನಡೆದಿದ್ದರೆ ನಾವು ದೊಡ್ಡವರು ನಡುವೆ ಹೋಗಿ ಕೂತು, ಬೈದು, ಸರಿಮಾಡಲು ನೋಡುತ್ತಿದ್ದೆವೇನೋ. ಇಬ್ಬರೂ ತುಂಬ ಸಭ್ಯವಾಗಿ, ಲಾಯರ್ ಮುಂದೆ ಕೂತು, ಮನೆಯನ್ನು, ಸೋಫಾವನ್ನು, ಮಗುವಿನ ವಾರವನ್ನು ಪಾಲು ಮಾಡಿಕೊಂಡರು. ಹಬ್ಬಗಳನ್ನೂ ಪಾಲು ಮಾಡಿದರು. ಪೂರಿಮ್ ಅಪ್ಪನ ಕಡೆಗೆ, ದೀಪಾವಳಿ ಅಮ್ಮನ ಕಡೆಗೆ. ಇಬ್ಬರು ಅಜ್ಜಿಯರು ಯಾರ ಪಾಲಿಗೂ ಬರಲಿಲ್ಲ. ಹಾಗೊಂದು ವಿಷಯ ಇದೆ ಎಂದು ಅವರಿಗೆ ಹೊಳೆದಿರಲೂ ಇಲ್ಲ.

ಆ ವರ್ಷವೂ ಫೆಬ್ರವರಿ ಮುಗಿಯುತ್ತಿದ್ದಂತೆ ಪೂರಿಮ್‌ಗೆ ಕರೆಯಲು ಮಿರಿಯಮ್ ಫೋನ್ ಮಾಡಿದರು. "ಮಕ್ಕಳ ವಿಷಯ ಮಕ್ಕಳಿಗೆ. ನೀವು ಬರ್ತೀರಲ್ಲ, ಜಲಜಾ?" ಎಂದರು. ನೋಡಿ ಹೇಳುತ್ತೇನೆ ಎಂದೆ. ಮೈಸೂರಿನ ಅಕ್ಕನಿಗೆ ಫೋನ್ ಮಾಡಿದರೆ ಅವಳು, "ಸಂಬಂಧ ಹರಿದ್ಮೇಲೆ ಯಾವ ಮುಖ ಇಟ್ಕೊಂಡು ಹೋಗ್ತೀಯೇ ಆ ಮನೆಗೆ?" ಎಂದಳು. ಅಕ್ಕನ ಮಾತನ್ನು ನಾನು ಕೇಳಿದ್ದು ಕಡಿಮೆ. ವೀಣಾಳನ್ನು ಕೇಳಿದೆ. ಅವಳು ಫೋನಿನಲ್ಲಿ, "ಅಮ್ಮ, ಹೋಗ್ಬೇಡ, ಪ್ಲೀಸ್. ನೀವೆಲ್ಲ ಅಲ್ಲಿ ಡ್ಯಾನಿಯಲ್ ಜೊತೆ ನಗ್ತಾ ಇರೋದು... ಐ ಕಾಂಟ್," ಎಂದು ಅತ್ತುಬಿಟ್ಟಳು. ಅವಳು ಅಳುವವಳಲ್ಲ. ಲಾಯರ್ ಮುಂದೆಯೂ ಅತ್ತಿರಲಿಲ್ಲವಂತೆ. ಇಲ್ಲ ಕಣೇ, ಹೋಗುವುದಿಲ್ಲ ಎಂದೆ.

ಮಿರಿಯಮ್ ಮತ್ತೆ ಫೋನ್ ಮಾಡಿದಾಗ ಯಾವ ಕಾರಣ ಕೊಡಲಿ ಎಂದು ತಡಕಾಡಿದೆ. ಮಗಳು ಬೇಡ ಅಂದಳು ಎನ್ನಲೇ? ಅದು ಅವರ ಮಗನನ್ನು ದೂರಿದಂತೆ. ನಮ್ಮವರು ನನ್ನ ಮುಖ ನೋಡಿ ಫೋನ್ ತೆಗೆದುಕೊಂಡು, "ಅವಳಿಗೆ ಮೊಣಕಾಲು ನೋವು, ಮಿರಿಯಮ್. ಅಷ್ಟು ದೂರ ಕಾರಲ್ಲಿ ಕೂರೋಕಾಗಲ್ಲ," ಎಂದುಬಿಟ್ಟರು. ಆಗ ನನ್ನ ಮೊಣಕಾಲು ಕಲ್ಲುಗುಂಡಿನ ಹಾಗಿತ್ತು. ವಾರಕ್ಕೆ ಎರಡು ದಿನ ಯೋಗದ ಕ್ಲಾಸಿಗೆ ಹೋಗುತ್ತಿದ್ದೆ. ಇರಲಿ, ಒಂದು ವರ್ಷಕ್ಕೆ ಒಂದು ನೆಪ ಎಂದುಕೊಂಡೆ.

ಮುಂದಿನ ವರ್ಷ ಮಿರಿಯಮ್ ಕೇಳಿದಾಗ ಮತ್ತೆ ಅದೇ ಮೊಣಕಾಲು. ಅದರ ಮುಂದಿನ ವರ್ಷ ಅವರೇ, "ನಿಮ್ಮ ಕಾಲು ಹೇಗಿದೆ? ಈ ಸಲಾನೂ ಕಷ್ಟ ಅಲ್ವಾ?" ಎಂದರು. ಹೌದು ಎಂದೆ. ಆಮೇಲೆ ಕೇಳುವುದನ್ನು ಬಿಟ್ಟರು. ಅಂಚೆಯಲ್ಲಿ ಒಂದು ಪೊಟ್ಟಣ ಮಾತ್ರ ಬರುತ್ತಿತ್ತು, ಮೂರು ಮೂಲೆಯ ಬಿಸ್ಕತ್ತು ಮೂಲೆ ಮುರಿದುಕೊಂಡು. ನಾನು ಸಂಕ್ರಾಂತಿಗೆ ಎಳ್ಳು ಕಳಿಸುತ್ತಿದ್ದೆ. ಪ್ಯಾಕೆಟ್ ಬಿಚ್ಚದ ಎಳ್ಳು, ಕಡಲೆ, ಕೊಬ್ಬರಿಯನ್ನು ಬೇರೆಬೇರೆಯಾಗಿ ಇಟ್ಟು, ಬೆರೆಸಿಕೊಳ್ಳಿ ಎಂದು ಚೀಟಿ ಬರೆದಿಡುತ್ತಿದ್ದೆ. ಅವರ ಅಡುಗೆಮನೆಯ ಮಡಿ ನನಗೆ ನೆನಪಿತ್ತು. ಒಟ್ಟಿಗೆ ಬೀದಿ ಸುತ್ತಿದ ಇಬ್ಬರು ಹೆಂಗಸರು ಹೀಗೆ ಅಂಚೆಯವನ ಕೈಯಲ್ಲಿ ಬೀರಿಕೊಳ್ಳುತ್ತಿದ್ದೆವು.

ವೀಣಾಳನ್ನು ನಾನು ಮತ್ತೆ ಕೇಳಲೇ ಇಲ್ಲ. ಇದು ನಮ್ಮ ಮನೆಯ ರೀತಿ. ಒಮ್ಮೆ ಯಾವುದೋ ವಿಷಯಕ್ಕೆ ಯಾರೋ ಅತ್ತರೆ ಆ ವಿಷಯವನ್ನು ಎತ್ತಿ ಅಟ್ಟದ ಮೇಲಿಟ್ಟುಬಿಡುತ್ತೇವೆ. ನನ್ನ ಅಪ್ಪ ಒಮ್ಮೆ ಊಟದ ಹೊತ್ತಿನಲ್ಲಿ ತನ್ನ ತಮ್ಮನ ನೆನಪಾಗಿ ಕಣ್ಣೊರೆಸಿಕೊಂಡರು ಎಂದು ನಮ್ಮ ಮನೆಯಲ್ಲಿ ಆ ಚಿಕ್ಕಪ್ಪನ ಹೆಸರನ್ನು ಮತ್ತೆ ಯಾರೂ ಎತ್ತಲಿಲ್ಲ. ಅಪ್ಪನಿಗೆ ಅವನ ವಿಷಯ ಮಾತಾಡುವ ಆಸೆಯಿತ್ತೋ ಏನೋ, ಯಾರಿಗೆ ಗೊತ್ತು? ಇದನ್ನು ನಾವು ಸೂಕ್ಷ್ಮತೆ ಎಂದು ಕರೆದುಕೊಳ್ಳುತ್ತೇವೆ.

ಮೊನ್ನೆ ಗಿಲಕಿ ಸಿಕ್ಕ ದಿನವೇ ವೀಣಾ ಮಾಯಾಳನ್ನು ಕರೆದುಕೊಂಡು ವಾರದ ಕೊನೆಗೆ ಬಂದಳು. ಮಾಯಾ ಈಗ ನನಗಿಂತ ಎತ್ತರ, ಕಿವಿಯಿಂದ ಇಯರ್‌ಫೋನ್ ತೆಗೆಯುವುದು ಊಟಕ್ಕೆ ಮಾತ್ರ. ಗಿಲಕಿಯನ್ನು ನೋಡಿ, "ಓ ಮೈ ಗಾಡ್, ಅಜ್ಜಿ, ಯು ಸ್ಟಿಲ್ ಹ್ಯಾವ್ ದಿಸ್?" ಎಂದು ಎರಡು ಸುತ್ತು ತಿರುಗಿಸಿದಳು. ವೀಣಾ ಕಾಫಿ ಕುಡಿಯುತ್ತ ಅದನ್ನೇ ನೋಡುತ್ತಿದ್ದವಳು ಹೇಳಿದಳು:

"ಅಮ್ಮ, ನೀನು ಯಾಕೆ ಮಿರಿಯಮ್ ಮನೆಗೆ ಹೋಗೋದು ಬಿಟ್ಬಿಟ್ಟೆ? ಶಿ ಲವ್ಡ್ ಯು."

ನಾನು ಅವಳನ್ನೇ ನೋಡಿದೆ. "ನೀನೇ ಬೇಡ ಅಂದ್ಯಲ್ಲೇ."

"ಯಾವಾಗ?"

"ಆವತ್ತು. ಫೋನಿನಲ್ಲಿ. ಅತ್ಯಲ್ಲ."

ವೀಣಾ ಲೋಟ ಕೆಳಗಿಟ್ಟಳು. "ಅಮ್ಮ! ಅದು ಡಿವೋರ್ಸ್ ಆದ ವರ್ಷ. ಆಗ ಬೇಡ ಅಂದೆ. ಯಾವತ್ತೂ ಬೇಡ ಅಂದ್ನಾ? ನಾನೇ ಆಮೇಲೆ ಎರಡು ಸಲ ಅವರ ಮನೆಗೆ ಊಟಕ್ಕೆ ಹೋಗಿದೀನಿ. ನಿನಗೆ ಕಾಲು ನೋವು ಅಂತಿದ್ರು. ನೀನು ಸುಮ್ಮನೆ ನೆಪ ಹೇಳ್ತಿದೀಯ, ನಿನಗೇ ಹೋಗೋಕೆ ಇಷ್ಟ ಇಲ್ಲ ಅನ್ಕೊಂಡೆ. ನೀನು ಒಂದ್ಸಲ ಕೇಳ್ಬಾರ್ದಾಗಿತ್ತಾ?"

ಕೇಳಬಹುದಾಗಿತ್ತು. ಅವಳೂ ನನ್ನನ್ನು ಕೇಳಬಹುದಾಗಿತ್ತು. ಅವಳು ನನ್ನ ಮಗಳಲ್ಲವೆ, ಅಮೆರಿಕಾದಲ್ಲಿ ಬೆಳೆದರೂ ಈ ವಿಷಯದಲ್ಲಿ ಮಾತ್ರ ಒಂಟಿಕೊಪ್ಪಲು. ಮಗಳ ಮನಸ್ಸು ನೋಯಬಾರದೆಂದು ನಾನು ಬಿಟ್ಟುಕೊಟ್ಟ ಹಬ್ಬವನ್ನು ಅವಳು ಕೇಳಿಯೇ ಇರಲಿಲ್ಲ. ನಾನು ಇಷ್ಟು ವರ್ಷ ಮಾಡಿಕೊಂಡು ಬಂದ ತ್ಯಾಗ ಯಾರಿಗೂ ಬೇಕಿರಲಿಲ್ಲ.

ಮಿರಿಯಮ್ ಈಗ ಸ್ಕೋಕಿಯಲ್ಲಿಲ್ಲ. ಸೊಂಟದ ಮೂಳೆ ಮುರಿದ ಮೇಲೆ ಡ್ಯಾನಿಯಲ್ಲನ ಅಕ್ಕ ತಾನಿರುವ ಆರಿಝೋನಾಗೆ ಕರೆದುಕೊಂಡು ಹೋಗಿ, ಹತ್ತಿರದ ವೃದ್ಧಾಶ್ರಮದಲ್ಲಿ ಸೇರಿಸಿದ್ದಾಳೆ ಎಂದು ಮಾಯಾ ಹೇಳಿದಳು. ತನ್ನ ಫೋನಿನಿಂದಲೇ ನಂಬರ್ ಒತ್ತಿ ನನ್ನ ಕೈಗೆ ಕೊಟ್ಟಳು. ಏನು ಮಾತಾಡಬೇಕೆಂದು ಯೋಚಿಸುವುದಕ್ಕೂ ಸಮಯ ಕೊಡಲಿಲ್ಲ.

"ಜಲಜಾ?" ಸ್ವರ ತೆಳುವಾಗಿತ್ತು, ಆದರೆ ಆಕೆಯದೇ. "ಮೊದ್ಲು ಇದನ್ನ ಹೇಳಿ. ನಿಮ್ಮ ಮೊಣಕಾಲು ಹೇಗಿದೆ?"

ನನಗೆ ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. ಮುರಿದ ಸೊಂಟದ ಹೆಂಗಸು ನನ್ನ ಗಟ್ಟಿಮುಟ್ಟಾದ ಕಾಲಿನ ಯೋಗಕ್ಷೇಮ ವಿಚಾರಿಸುತ್ತಿದ್ದರು. "ಮಿರಿಯಮ್, ನನ್ನ ಕಾಲಿಗೆ ಏನೂ ಆಗಿರ್ಲಿಲ್ಲ," ಎಂದೆ. ಆಮೇಲೆ ಎಲ್ಲವನ್ನೂ ಹೇಳಿದೆ. ವೀಣಾ ಅತ್ತದ್ದು, ನಮ್ಮವರು ಫೋನ್ ಕಸಿದುಕೊಂಡದ್ದು, ನಾನು ಕೇಳದೆ ಉಳಿದದ್ದು. ನಮ್ಮವರು ಟಿವಿಯನ್ನು ಆರಿಸಿ, ಬಾಗಿಲಲ್ಲಿ ಬಂದು ನಿಂತಿದ್ದರು.

ಮಿರಿಯಮ್, "ನಾನು ನಿಮಗೆ ನನ್ನ ಮಗನ ಮೇಲೆ ಸಿಟ್ಟಿದೆ ಅನ್ಕೊಂಡೆ. ಅದಕ್ಕೇ ಒತ್ತಾಯ ಮಾಡ್ಲಿಲ್ಲ," ಎಂದರು.

"ಇತ್ತು. ಚೆನ್ನಾಗಿ ಬೈಕೊಂಡಿದೀನಿ ಅವನನ್ನ. ನಿಮ್ಮನ್ನಲ್ಲ."

"ನಾನೂ ನಿಮ್ಮ ಮಗಳನ್ನ ಬೈಕೊಂಡಿದೀನಿ," ಎಂದರು ಮಿರಿಯಮ್. ಇಬ್ಬರಿಗೂ ನಗು ಬಂತು. ಬೀಗಿತ್ತಿಯರು ಮದುವೆಯ ವರ್ಷವೇ ಆಡಿ ಮುಗಿಸಬೇಕಾದ ಮಾತು ಅದು. ನಾವು ಆಡುವಾಗ ಮದುವೆಯೇ ಉಳಿದಿರಲಿಲ್ಲ. ಇಷ್ಟಕ್ಕೆ ಬೇಕಾದದ್ದು ಹತ್ತು ನಿಮಿಷ.

"ಈ ಸಲ ಪೂರಿಮ್‌ಗೆ ನಾನು ಬರ್ತೀನಿ," ಎಂದೆ. ಅಲ್ಲಿಗೆ ವಿಮಾನದಲ್ಲಿ ಹೋಗಬೇಕು, ಹೋಗುತ್ತೇನೆ, ಮಾಯಾಳನ್ನೂ ಕರೆತರುತ್ತೇನೆ ಎಂದು ಒಂದೇ ಉಸಿರಿಗೆ ಹೇಳುತ್ತಿದ್ದೆ.

ಮಿರಿಯಮ್ ಪೂರ್ತಿ ಕೇಳಿಸಿಕೊಂಡರು.

"ಬನ್ನಿ," ಎಂದರು. "ಆದ್ರೆ ಜಲಜಾ, ಇಲ್ಲಿ ನಾನೇ ಅತಿಥಿ. ಕರೆದು ಕೂರಿಸೋಣ ಅಂದ್ರೆ ನನಗೀಗ ಮನೆ ಇಲ್ಲ."